ಹರಿವಾಣದ ಮೇಲಿನ ಕರಿಬೇವು

ಪಾರಂಪಳ್ಳಿಯ ಸುಬ್ರಾಯ ಹೇರ್ಳೆಯವರ ಅಡಿಗೆ ಉಂಡವರು ಸಾಲಿಗ್ರಾಮ, ಕೋಟ, ತಲ್ಲೂರಿನ ಕಡೆ ಈಗಲೂ ಬೇಕಾದಷ್ಟು ಜನ ಇದ್ದಾರೆ. ಅವರನ್ನು ಕೇಳಿ ನೋಡಿ. ಪಾಯಸದ ಸುದ್ದಿ ಎತ್ತುವುದಿಲ್ಲ, ಹೋಳಿಗೆಯ ಸುದ್ದಿ ಎತ್ತುವುದಿಲ್ಲ. "ಹೇರ್ಳೆರ ಹುಳಿ" ಎಂದೇ ಶುರು ಮಾಡುತ್ತಾರೆ. ಆ ಹುಳಿಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಸೌತೆಕಾಯಿ, ಬೇಳೆ, ಹುರಿದು ರುಬ್ಬಿದ ಮಸಾಲೆ, ಅಷ್ಟೆ. ಎಲ್ಲರ ಮನೆಯಲ್ಲೂ ಆಗುವುದೇ. ಆದರೆ ನೂರು ಜನಕ್ಕೆ ಮಾಡಲಿ, ಸಾವಿರ ಜನಕ್ಕೆ ಮಾಡಲಿ, ಉಪ್ಪು ಮಾತ್ರ ಅಳೆದಿಟ್ಟ ಹಾಗೆ ಇರುತ್ತಿತ್ತು.

ಇದು ಸಣ್ಣ ಸಂಗತಿ ಅಂತ ಅನ್ನಿಸುವುದು ಹೋಟೆಲಿನ ಅಡಿಗೆ ಮಾತ್ರ ಕಂಡವರಿಗೆ. ಹೋಟೆಲಿನವನು ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೋಡುತ್ತಾನೆ, ಸಾಲದಿದ್ದರೆ ಇನ್ನಷ್ಟು ಹಾಕುತ್ತಾನೆ. ನಮ್ಮ ಕಡೆ ದೇವರ ಕಾರ್ಯದ ಅಡಿಗೆಯವನಿಗೆ ಆ ಸುಖ ಇಲ್ಲ. ಅನ್ನದ ರಾಶಿಯ ಎದುರು ದೀಪ ಹಚ್ಚಿ, ಮಾಡಿದ ಪದಾರ್ಥವೆಲ್ಲ ಇಟ್ಟು, ಪಲ್ಲಪೂಜೆ ಮುಗಿಯುವ ತನಕ ಒಂದು ಅಗುಳೂ ಯಾರ ನಾಲಗೆಗೂ ಮುಟ್ಟುವಂತಿಲ್ಲ. ಪೂಜೆ ಮುಗಿದ ಮರುಗಳಿಗೆಗೆ ಬಡಿಸುವವರು ಬಕೆಟ್ ಹಿಡಿದು ಓಡುತ್ತಾರೆ. ಹಾಗಾಗಿ ಅಡಿಗೆಯವನು ತಾನು ಮಾಡಿದ್ದರ ರುಚಿಯನ್ನು ತಿಳಿಯುವುದು ಉಣ್ಣುವವರ ಮುಖ ನೋಡಿ.

ಹೇರ್ಳೆಯವರು ಮೂಗಿನಿಂದ ತಿಳಿಯುತ್ತಿದ್ದರು. ಉಪ್ಪು ಬೀಳುವ ಮೊದಲು ಕುದಿಯುವ ಹುಳಿಯಲ್ಲಿ ಹುಣಸೆಯ ಪರಿಮಳವೇ ಬೇರೆ, ಕೊತ್ತಂಬರಿಯದ್ದೇ ಬೇರೆ, ಬೆಲ್ಲದ್ದೇ ಬೇರೆ ಬರುತ್ತದೆ, ಉಪ್ಪು ಬಿದ್ದು ಎರಡು ಕುದಿ ಬಂದ ಮೇಲೆ ಮೂರೂ ಸೇರಿ ಒಂದೇ ಪರಿಮಳ ಆಗುತ್ತದೆ ಎಂದು ಹೇಳುತ್ತಿದ್ದರು. ಮಗಳು ಮನೋರಮ ಸಣ್ಣವಳಿರುವಾಗ ಒಲೆಯ ಹತ್ತಿರ ನಿಂತು ಎಷ್ಟೋ ಸಲ ಮೂಗು ಅರಳಿಸಿ ನೋಡಿದ್ದಾಳೆ. ಅವಳಿಗೆ ಬಂದದ್ದು ಸೀನು ಮಾತ್ರ.

ಅವರದ್ದೊಂದು ಮರದ ಉಪ್ಪಿನ ಮರಿಗೆ ಇತ್ತು, ಹಲಸಿನ ಮರದ್ದು. ಕಲ್ಲುಪ್ಪಿನ ಆ ಮರಿಗೆಯನ್ನು ಅವರಲ್ಲದೆ ಬೇರೆ ಯಾರೂ ಮುಟ್ಟುವಂತಿರಲಿಲ್ಲ. ತಂಗಿಯ ಮಗ ಬಾಲಚಂದ್ರ ಇಪ್ಪತ್ತೈದು ವರ್ಷ ಅವರ ಜೊತೆ ದುಡಿದವನು, ಆಮೇಲೆ ಪಾತ್ರೆ, ಟೆಂಪೋ ಎಲ್ಲ ಮಾಡಿಕೊಂಡು ತಾನೇ ಅಡಿಗೆ ವಹಿಸಿಕೊಳ್ಳುವಷ್ಟು ದೊಡ್ಡವನಾದವನು. ಅವನಿಗೂ ಆ ಮರಿಗೆ ಮುಟ್ಟುವ ಧೈರ್ಯ ಇರಲಿಲ್ಲ. ಉಪ್ಪು ಹಾಕಿ ಆದ ಕೂಡಲೇ ಹೇರ್ಳೆಯವರು ಕೊಪ್ಪರಿಗೆಗೆ ಹರಿವಾಣ ಮುಚ್ಚಿ, ಅದರ ಮೇಲೆ ಒಂದು ಎಸಳು ಕರಿಬೇವು ಇಡುತ್ತಿದ್ದರು. ಎಲೆ ಇದೆ ಅಂದರೆ ಉಪ್ಪು ಬಿದ್ದಿದೆ ಎಂದು ಅರ್ಥ. ಇನ್ನು ಆ ಕಡೆ ಯಾರೂ ಸುಳಿಯಬಾರದು.

ಆ ಎಲೆಯ ಕಥೆ ಮನೋರಮೆಗೆ ಅಮ್ಮನಿಂದ ಗೊತ್ತು. ಅಮ್ಮ ಜಲಜಾಕ್ಷಿ ಮದುವೆಯಾಗಿ ಪಾರಂಪಳ್ಳಿಗೆ ಬಂದ ಹೊಸತರಲ್ಲಿ ಒಂದು ದಿನ ಅಪ್ಪಯ್ಯ ಸಾರಿಗೆ ಉಪ್ಪು ಹಾಕಿ ಬಾವಿಕಟ್ಟೆಗೆ ಹೋಗಿದ್ದರಂತೆ. ಅಮ್ಮ ಬಂದವಳು ತಾನೂ ಹಾಕಿದಳಂತೆ. ಊಟಕ್ಕೆ ಕೂತಾಗ ಇಬ್ಬರಿಗೂ ಬಾಯಿಗಿಡಲಾಗಲಿಲ್ಲ. ಅಪ್ಪಯ್ಯ ತನ್ನ ಕೈ ಜಾಸ್ತಿ ಆಯಿತೆಂದು ತಿಳಿದರು, ಅಮ್ಮ ತನ್ನದೇ ತಪ್ಪೆಂದು ತಿಳಿದಳು. ಹೊಸ ಮದುವೆ, ಒಬ್ಬರೂ ಬಾಯಿ ಬಿಡಲಿಲ್ಲ. ಇಬ್ಬರೂ ಪಾತ್ರೆ ಖಾಲಿ ಮಾಡಿ ಎದ್ದು, ಸಂಜೆಯ ತನಕ ಕೊಡಗಟ್ಟಲೆ ನೀರು ಕುಡಿದರು. ಮೂರನೇ ಸಲ ಬಾವಿಕಟ್ಟೆಯಲ್ಲಿ ಮುಖಾಮುಖಿ ಆದಾಗ ಇಬ್ಬರಿಗೂ ವಿಷಯ ತಿಳಿದು, ನಕ್ಕು ನಕ್ಕು ಅಮ್ಮನ ಕೈಯಿಂದ ಹಗ್ಗ ಜಾರಿ ಕೊಡಪಾನ ಬಾವಿಗೆ ಬಿತ್ತಂತೆ.

ಮರುದಿನದಿಂದ ಈ ಏರ್ಪಾಡು. ಉಪ್ಪು ಹಾಕಿದವರು ಮುಚ್ಚಳದ ಮೇಲೆ ಕರಿಬೇವು ಇಡಬೇಕು. ಅಪ್ಪಯ್ಯ ಇಟ್ಟರೆ ಎಲೆಯ ತೊಟ್ಟು ತಮ್ಮ ಕಡೆ, ತುದಿ ಗೋಡೆಯ ಕಡೆ. ಅಮ್ಮ ಇಟ್ಟರೆ ತೊಟ್ಟು ಗೋಡೆಯ ಕಡೆ, ತುದಿ ತನ್ನ ಕಡೆ. ಉಪ್ಪು ಯಾರದ್ದು ಎಂದು ಆಮೇಲೆ ಜಗಳ ಬರಬಾರದಲ್ಲ! ಜಗಳ ಒಂದು ದಿನವೂ ಬರಲಿಲ್ಲ, ಆದರೆ ಪದ್ಧತಿ ಮಾತ್ರ ನಲವತ್ತು ವರ್ಷ ನಡೆಯಿತು. ಅಪ್ಪಯ್ಯ ಮನೆಯ ಆ ಪದ್ಧತಿಯನ್ನು ಊರಿನ ಊಟಗಳಿಗೂ ಒಯ್ದರು. ಮನೋರಮ ಅಡಿಗೆ ಕಲಿತದ್ದು ಅಮ್ಮನ ಪಕ್ಕದಲ್ಲಿ ನಿಂತು, ಹಾಗಾಗಿ ಅವಳ ಕೈಗೆ ಬಂದದ್ದು ಅಮ್ಮನ ಕ್ರಮ.

ತೊಂಬತ್ತೇಳರ ಮಳೆಗಾಲ ಮುಗಿಯುವ ಹೊತ್ತಿಗೆ ಅಮ್ಮ ತೀರಿಕೊಂಡಳು. ಮನೋರಮೆಗೆ ಆಗ ಕೋಟೇಶ್ವರದಲ್ಲಿ ಸಂಸಾರ. ಗಂಡ ಸದಾಶಿವ ತುಂಗರದ್ದು ಹೈವೇಯ ಬದಿಗೆ ಪುಸ್ತಕ, ಪೆನ್ನು, ಜೆರಾಕ್ಸಿನ ಅಂಗಡಿ, ಅದರ ಮೇಲೆಯೇ ಮನೆ. ಹೇರ್ಳೆಯವರಿಗೆ ಅವಳೊಬ್ಬಳೇ ಮಗಳು. ಹನ್ನೆರಡನೆಯ ದಿನದ ಕಾರ್ಯ ಮುಗಿಸಿ ಹೊರಡುವಾಗ ಅಪ್ಪಯ್ಯನ ಬಟ್ಟೆಯನ್ನೂ ತನ್ನ ಚೀಲಕ್ಕೆ ತುಂಬಿದಳು.

"ಅಪ್ಪಯ್ಯ, ನಮ್ಮನೆಗ್ ಬನ್ನಿ. ಇಲ್ಲ್ ಒಬ್ರೇ ಇದ್ಕಂಡ್ ಎಂತ ಮಾಡ್ತ್ರಿ?"

"ಒಬ್ನೇ ಎಲ್ಲಿ? ಒಲೆ ಇತ್ತಲೆ," ಎಂದು ಹೇರ್ಳೆಯವರು ಚೀಲದಿಂದ ತಮ್ಮ ಪಂಚೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಹಗ್ಗಕ್ಕೆ ಹಾಕಿದರು. "ಕೈಕಾಲ್ ಆಡೂವರಿಗೆ ನನ್ ಗಂಜಿ ನಾನೇ ಬೇಯ್ಸ್ಕಂತೆ ಮಗಳೆ. ನೀ ಆಸ್ರಿಗ್ ಕುಡ್ಕಂಡ್ ಹೊರ್ಡ್."

ಅರವತ್ತಮೂರು ವರ್ಷದ ಗಂಡಸು ಒಬ್ಬನೇ ಹೇಗೆ ಬದುಕುತ್ತಾನೆ ಎಂದು ನೋಡಲು ಮನೋರಮ ಮೊದಲ ವರ್ಷ ಎರಡು ವಾರಕ್ಕೊಮ್ಮೆ ಹೇಳದೆ ಕೇಳದೆ ಬಸ್ಸು ಹತ್ತಿ ಬರುತ್ತಿದ್ದಳು. ತಪ್ಪು ಹಿಡಿಯಬೇಕೆಂದೇ ಬರುತ್ತಿದ್ದಳು ಅಂದರೂ ಸರಿಯೇ. ಅಂಗಳ ಗುಡಿಸಿರುತ್ತಿತ್ತು. ಬಸಳೆ ಚಪ್ಪರಕ್ಕೆ ನೀರು ಬಿದ್ದಿರುತ್ತಿತ್ತು. ಪಂಚೆ ನೀಲಿ ಹಾಕಿ ಒಗೆದು ಒಣಗಿರುತ್ತಿತ್ತು. ಅಪ್ಪಯ್ಯ ಮಾತ್ರ ಇರುತ್ತಿರಲಿಲ್ಲ! ಸೈಕಲ್ಲಿನ ಹ್ಯಾಂಡಲಿಗೆ ಮರಿಗೆಯ ಚೀಲ ನೇತುಹಾಕಿ, ಕ್ಯಾರಿಯರಿಗೆ ಉದ್ದದ ಸಟ್ಟುಗ ಕಟ್ಟಿ, ಯಾರದ್ದೋ ಮನೆಯ ಶ್ರಾದ್ಧಕ್ಕೋ ಉಪನಯನಕ್ಕೋ ಹೋಗಿರುತ್ತಿದ್ದರು. ಅವಳು ಬಾಗಿಲಲ್ಲಿ ಕೂತು ಕಾದು, ಮೂರು ಗಂಟೆಗೆ ಬಂದ ಅಪ್ಪಯ್ಯನ ಕೈಯಿಂದ ಎರಡು ಹೋಳಿಗೆ ಇಸಕೊಂಡು ತಿಂದು, ಸೋತವಳಂತೆ ಹಿಂದಿರುಗುತ್ತಿದ್ದಳು. ಈಗ ನೆನೆದರೆ ಅವಳಿಗೆ ಆ ಹೋಳಿಗೆಯ ಮಧ್ಯಾಹ್ನಗಳಷ್ಟು ಸುಖದ ದಿನ ಬೇರೆ ಇರಲಿಲ್ಲ ಅನ್ನಿಸುತ್ತದೆ.

ಹೀಗೇ ಹತ್ತು ಹನ್ನೊಂದು ವರ್ಷ ಕಳೆಯಿತು. ಸೈಕಲ್ಲು ಹೋಗಿ ಬಸ್ಸಾಯಿತು. ಬಾಲಚಂದ್ರ ದೊಡ್ಡ ಊಟಗಳಿಗೆ ಟೆಂಪೋದಲ್ಲಿ ಮುಂದಿನ ಸೀಟು ಖಾಲಿ ಬಿಟ್ಟು ಬಂದು ಕರೆದೊಯ್ಯುತ್ತಿದ್ದ. ಕಟ್ಟಿಗೆ ಹೊರುವುದು, ಕೊಪ್ಪರಿಗೆ ಇಳಿಸುವುದು ಎಲ್ಲ ಹುಡುಗರ ಕೆಲಸವಾಯಿತು. ಉಪ್ಪು ಮಾತ್ರ ಮಾವನದ್ದೇ.

ಎರಡು ಸಾವಿರದ ಎಂಟರಲ್ಲಿ ಬ್ರಹ್ಮಾವರದ ಒಂದು ಉಪನಯನದಲ್ಲಿ ಆ ಉಪ್ಪು ಮೊದಲ ಸಲ ತಪ್ಪಿತು. ತಪ್ಪಿತು ಅಂದರೆ, ಹಾಕಲೇ ಇಲ್ಲ. ಮರಿಗೆ ಕೈಗೆತ್ತಿಕೊಂಡ ಹೊತ್ತಿಗೆ ಸರಿಯಾಗಿ ಯಾರೋ ಮುದುಕಿ ಅಡಿಗೆ ಚಪ್ಪರದ ಹೊರಗೆ ನಿಂತು, "ನಿಮ್ ಜಲಜಾಕ್ಷಿ ನಂಗ್ ದಾಯಾದಿ ಆಯ್ಕ್," ಎಂದು ಮಾತು ತೆಗೆದಳಂತೆ. ಹೆಂಡತಿಯ ಹೆಸರು ಬಿದ್ದದ್ದೇ ಹೇರ್ಳೆಯವರು ಮರಿಗೆ ಕೆಳಗಿಟ್ಟು ಹತ್ತಿರ ಹೋದರು. ಮುದುಕಿ ಜಲಜಾಕ್ಷಿ ಸಣ್ಣವಳಿದ್ದಾಗ ಹುಣಸೆ ಮರ ಹತ್ತಿ ಇಳಿಯಲಾರದೆ ಕೂತ ಕಥೆ ಹೇಳಿದಳು. ಮದುವೆಯಾಗಿ ಅಷ್ಟು ವರ್ಷವಾದರೂ ಅವರು ಕೇಳಿರದ ಕಥೆ. ಕೇಳಿ, ನಕ್ಕು, ಕಣ್ಣೊರೆಸಿಕೊಂಡು ಬಂದವರು ನೇರ ಹರಿವಾಣ ಮುಚ್ಚಿ ಎಲೆ ಇಟ್ಟುಬಿಟ್ಟರು.

ಸಪ್ಪೆ ಹುಳಿಯಿಂದ ಯಾರಿಗೂ ದೊಡ್ಡ ನಷ್ಟವಾಗಲಿಲ್ಲ. ಬಾಳೆಲೆಯ ತುದಿಯಲ್ಲಿ ಬಡಿಸಿದ ಉಪ್ಪು ಇರುತ್ತದಲ್ಲ, ಕಲಸಿಕೊಂಡು ಉಂಡರು. ತಮಾಷೆ ಮಾಡಿದರು ಅಷ್ಟೆ. ಆದರೆ ಸುದ್ದಿ ಬಸ್ಸಿಗಿಂತ ಮೊದಲೇ ಕೋಟೇಶ್ವರಕ್ಕೆ ಮುಟ್ಟಿತು. ಮನೋರಮ ಮಾರನೆಯ ದಿನವೇ ಪಾರಂಪಳ್ಳಿಯ ಜಗಲಿಯಲ್ಲಿ ಹಾಜರು. ಎಪ್ಪತ್ತನಾಲ್ಕಾಯಿತು, ಇನ್ನು ಸಾಕು, ಉರಿಯ ಹತ್ತಿರ ನಿಂತು ತಲೆ ತಿರುಗಿ ಬಿದ್ದರೆ ಏನು ಗತಿ ಎಂದು ಒಂದೇ ಉಸಿರಿಗೆ ಹೇಳಿ ಅತ್ತಳು. ಮಗಳ ಅಳುವನ್ನು ಹೇರ್ಳೆಯವರಿಗೆ ಯಾವತ್ತೂ ತಡೆಯಲಾಗುತ್ತಿರಲಿಲ್ಲ.

"ಆಯ್ತ್, ಕೇಣ್," ಎಂದರು. "ಇನ್ನೊಂದ್ ಸಲ ಉಪ್ಪ್ ತಪ್ಪಿರೆ ಸಟ್ಟುಗ ಕೆಳಗ್ ಇಡ್ತೆ. ಮತ್ತೆ ನೀ ಹೇಳ್ದಲ್ಲಿಗ್ ಬತ್ತೆ. ಆತಾ?"

ಹೇರ್ಳೆಯವರ ಮಾತು ಅಂದರೆ ಮಾತು. ಬಾಲಚಂದ್ರನ ಎದುರಿಗೇ ಹೇಳಿದ್ದರಿಂದ ಅದು ಊರಿಗೂ ತಿಳಿಯಿತು. ಆಮೇಲಿನ ಆರೇಳು ತಿಂಗಳಲ್ಲಿ ಎಷ್ಟೋ ಊಟ ಆಯಿತು, ಉಪ್ಪು ಕೂದಲೆಳೆಯಷ್ಟೂ ಅತ್ತಿತ್ತ ಆಗಲಿಲ್ಲ. ಮನೋರಮ ಮಾತ್ರ ಪ್ರತಿ ಊಟದ ದಿನ ಫೋನಿನ ಹತ್ತಿರ ಸುಳಿಯುತ್ತಿದ್ದಳು. ಅಪ್ಪಯ್ಯ ತಪ್ಪಲಿ, ತನ್ನ ಮನೆಗೆ ಬರಲಿ ಎಂದು ಒಂದು ಮನಸ್ಸು. ಅಯ್ಯೋ ದೇವರೇ, ತಪ್ಪದಿರಲಿ ಎಂದು ಇನ್ನೊಂದು ಮನಸ್ಸು.

ಮುಂದಿನ ವರ್ಷ ಬೇಸಗೆಯಲ್ಲಿ ತಲ್ಲೂರಿನ ಮೂಡುಮನೆ ಐತಾಳರ ಕುಟುಂಬದ ನಾಗಬನದಲ್ಲಿ ಪುನಃಪ್ರತಿಷ್ಠೆ. ನಾಗನ ಕೆಲಸ ಅಂದ ಮೇಲೆ ಮಡಿಯಲ್ಲಿ ಒಂದು ಎಳೆ ಹೆಚ್ಚೇ. ಅಡಿಗೆ ಚಪ್ಪರದ ಬಾಗಿಲಿಗೆ ಹಗ್ಗ ಕಟ್ಟಿ, ಮಿಂದು ಮಡಿ ಉಟ್ಟ ಅಡಿಗೆಯವರಲ್ಲದೆ ಬೇರೆ ಯಾರೂ ಒಳಗೆ ಬರಬಾರದೆಂದು ಹೇಳಿದ್ದರು. ಮೂಡುಮನೆಯವರು ತುಂಗರ ಕಡೆಯಿಂದ ಹತ್ತಿರದ ನೆಂಟರು. ಹಾಗಾಗಿ ಮನೋರಮ ಜರತಾರಿ ಸೀರೆ ಉಟ್ಟು, ಬಸ್ಸಿನಲ್ಲಿ ಹತ್ತು ಜನರಿಗೆ ತಾಗಿ, ಊಟಕ್ಕೆ ಬಂದಿದ್ದಳು.

ಹನ್ನೆರಡೂವರೆಯ ಹೊತ್ತಿಗೆ ಚಪ್ಪರದ ಹಿಂದಿನ ಸಂದಿನಿಂದ ಒಮ್ಮೆ ಇಣುಕಿದಳು. ಅಪ್ಪಯ್ಯ ಆ ತುದಿಯಲ್ಲಿ ಪಾಯಸದ ಕೊಪ್ಪರಿಗೆಯ ಮುಂದೆ ಬೆನ್ನು ಹಾಕಿ ನಿಂತಿದ್ದರು. ಬಾಲಚಂದ್ರ ಮತ್ತು ಹುಡುಗರು ಅನ್ನದ ಹೆಡಿಗೆಗಳನ್ನು ಪಲ್ಲಪೂಜೆಯ ಜಾಗಕ್ಕೆ ಹೊರುತ್ತಿದ್ದರು. ಈ ಕಡೆ, ಒಲೆಯಿಂದ ಇಳಿಸಿ ಗೋಡೆಗೆ ತಾಗಿಸಿಟ್ಟ ಹುಳಿಯ ಕೊಪ್ಪರಿಗೆ. ಮೇಲೆ ಹರಿವಾಣ. ಹರಿವಾಣದ ಮೇಲೆ ಎಲೆ ಇಲ್ಲ.

ಅಪ್ಪಯ್ಯ ಮತ್ತೆ ಮರೆತಿದ್ದಾರೆ! ಈಗ ಕೂಗಿ ಹೇಳಿದರೆ ಅಷ್ಟೂ ಜನರಿಗೆ ಕೇಳುತ್ತದೆ. ಹೇಳದೆ ಸುಮ್ಮನೆ ಹೋದರೆ ಅವಳು ಇಷ್ಟು ವರ್ಷ ಬೇಡಿಕೊಂಡದ್ದು ತಾನಾಗಿ ಆಗುತ್ತದೆ, ಅಪ್ಪಯ್ಯ ನಾಳೆಯೇ ಚೀಲ ಹಿಡಿದು ಅವಳ ಮನೆಗೆ ಬರುತ್ತಾರೆ. ಅದು ಅವಳಿಗೆ ಹೊಳೆಯಲಿಲ್ಲ ಎಂದೇನಿಲ್ಲ. ಆದರೆ ನಾಲ್ಕು ನೂರು ಜನರ ಎದುರು ಅಪ್ಪಯ್ಯ ತಲೆ ತಗ್ಗಿಸಿ ನಿಲ್ಲುವುದನ್ನು ನೆನೆದದ್ದೇ ಅವಳ ಕಾಲು ಹಗ್ಗ ದಾಟಿ ಆಗಿತ್ತು. ಮರಿಗೆ ಅಲ್ಲೇ ಇತ್ತು. ಕೊಪ್ಪರಿಗೆಯ ಗಾತ್ರ ನೋಡಿ ಬೊಗಸೆ ಬೊಗಸೆ ಉಪ್ಪು ಹಾಕಿ, ಸಟ್ಟುಗದಿಂದ ತಳದವರೆಗೆ ತಿರುಗಿಸಿ, ಹರಿವಾಣ ಮುಚ್ಚಿದಳು. ಪಕ್ಕದ ಬುಟ್ಟಿಯಿಂದ ಒಂದು ಎಸಳು ಕರಿಬೇವು ತೆಗೆದು ಮೇಲಿಟ್ಟು ಬಂದಳು. ಯಾರೂ ನೋಡಲಿಲ್ಲ.

ನಡೆದದ್ದು ಇಷ್ಟೆ. ಹೇರ್ಳೆಯವರು ಉಪ್ಪೂ ಹಾಕಿದ್ದರು, ಎಲೆಯನ್ನೂ ಇಟ್ಟಿದ್ದರು. ಬಾಲಚಂದ್ರ ಒಗ್ಗರಣೆ ಸುರಿಯಲು ಹರಿವಾಣ ಎತ್ತಿದಾಗ ಎಲೆ ಗೋಡೆಯ ಸಂದಿಗೆ ಬಿದ್ದಿತ್ತು, ಅವನು ಬರಿಯ ಹರಿವಾಣ ಮುಚ್ಚಿ ಹೋಗಿದ್ದ. ಉಪ್ಪು ಎರಡು ಸಲ ಬಿದ್ದದ್ದು ಮನೋರಮೆಗೆ ತಿಳಿದದ್ದು ತಾನೇ ಪಂಕ್ತಿಯಲ್ಲಿ ಕೂತು ಮೊದಲ ತುತ್ತು ಬಾಯಿಗಿಟ್ಟಾಗ. ಸಮುದ್ರದ ನೀರು ಕುಡಿದ ಹಾಗಾಯಿತು. ಆ ಕಡೆಯಿಂದ ಒಬ್ಬರು, "ಹ್ವಾಯ್, ಇಲ್ಲೊಂಚೂರ್ ನೀರ್ ಬರ್ಲಿ!" ಎಂದರು. ಈ ಕಡೆಯಿಂದ ಇನ್ನೊಬ್ಬರು, "ಮಜ್ಜಿಗೆ ಈಗ್ಳೇ ಬರ್ಲಿ!" ಎಂದರು. ಒಬ್ಬ ಪುಂಡ, "ನಾಗಂಗ್ ಹಾಲೆರ್ದ್ರ್, ನಮ್ಗ್ ಉಪ್ಪೆರ್ದ್ರ್," ಎಂದು ನಗಿಸಿದ.

ಹೇರ್ಳೆಯವರು ಒಳಗಿನಿಂದ ಬಂದರು. ಬಡಿಸುವವನ ಬಕೆಟ್ಟಿನಿಂದ ಒಂದು ಸೌಟು ಕೈಗೆ ಬಿಟ್ಟುಕೊಂಡು ರುಚಿ ನೋಡಿದರು. ಹಾಗೆಯೇ ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬಂದು, ಪಂಕ್ತಿಯ ನಡುವೆ ನಿಂತಿದ್ದ ಯಜಮಾನ ಐತಾಳರ ಎದುರು ಕೈ ಮುಗಿದರು.

"ನನ್ ಕೈ ತಪ್ಪಿತ್, ಐತಾಳ್ರೆ. ವಯಸ್ಸಾಯ್ತಲೆ. ಕ್ಷಮ್ಸ್ಕ್."

ಮನೋರಮ ಎಲೆಯ ಮುಂದೆ ಕಲ್ಲಾಗಿ ಕೂತಿದ್ದಳು. ಬಾಯಿ ತೆರೆಯಬೇಕಿತ್ತು. ಬಸ್ಸಿನ ಮೈಲಿಗೆಯ ಸೀರೆಯಲ್ಲಿ ನಾಗನ ನೈವೇದ್ಯದ ಪಾತ್ರೆಗೆ ಕೈ ಹಾಕಿದವಳು ನಾನು ಎಂದು, ಗಂಡನ ನೆಂಟರ ಮನೆಯಲ್ಲಿ, ನಾಲ್ಕು ನೂರು ಜನರ ಎದುರು ಹೇಳುವ ಧೈರ್ಯ ಎಲ್ಲಿಂದ ಬರಬೇಕು? ಬರಲಿಲ್ಲ. ಎರಡನೆಯ ಪಂಕ್ತಿಗೆ ಅಪ್ಪಯ್ಯ ಬೇಳೆ ಬೇಯಿಸಿ ಹಾಕಿ, ಹುಳಿ ನೀರು ಸೇರಿಸಿ ಹೇಗೋ ಸುಧಾರಿಸಿದರು. ಸಂಜೆ ಪಾತ್ರೆ ತೊಳೆದು ಟೆಂಪೋಗೆ ಏರಿಸಿದ ಮೇಲೆ ಸಟ್ಟುಗವನ್ನು ಒರೆಸಿ ಬಾಲಚಂದ್ರನ ಕೈಗೆ ಕೊಟ್ಟರು. ಅವನು ಹಿಂದೆ ಸರಿದ. ಅವರು ಅದನ್ನು ಅವನ ಹೆಗಲಿಗೆ ಒರಗಿಸಿ ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಆ ವಾರವೇ ಪಾರಂಪಳ್ಳಿಯ ಮನೆಗೆ ಬೀಗ ಬಿತ್ತು. ಬಸಳೆಗೆ ನೀರು ಹಾಕುವ ಕೆಲಸ ಬಾಲಚಂದ್ರನ ಹೆಂಡತಿ ಶಾಂಭವಿಗೆ. ಹೇರ್ಳೆಯವರು ಒಂದು ಬಟ್ಟೆಯ ಚೀಲ, ಒಂದು ಉಪ್ಪಿನ ಮರಿಗೆ ಹಿಡಿದು ಕೋಟೇಶ್ವರದ ಮಹಡಿ ಮನೆಗೆ ಬಂದರು. ಮರಿಗೆಯನ್ನು ಮಂಚದ ಅಡಿಗಿಟ್ಟರು.

ಮನೋರಮ ಬೇಡಿಕೊಂಡದ್ದೆಲ್ಲ ಕೈಗೆ ಬಂದಿತ್ತು. ಕೇಳಿದ ಹೊತ್ತಿಗೆ ಕಾಫಿ ಕೊಟ್ಟಳು, ಬಿಸಿನೀರು ಕೊಟ್ಟಳು, ಬಟ್ಟೆ ತಾನೇ ಒಗೆದಳು. ತೆಂಗಿನಕಾಯಿ ತುರಿಯಲು ಕೂತರೆ "ಅಪ್ಪಯ್ಯ, ನೀವ್ ಕೂಕಣಿ," ಎಂದು ತುರಿಮಣೆ ಕಸಿದುಕೊಂಡಳು. ಅಪ್ಪಯ್ಯ ಕೂತರು. ಬೆಳಿಗ್ಗೆ ಬಾಲ್ಕನಿಯಲ್ಲಿ ಕೂತು ಹೈವೇಯ ಬಸ್ಸು ನೋಡಿದರು, ಸಂಜೆ ಅಂಗಡಿಯಲ್ಲಿ ಕೂತು ಅಳಿಯನ ಜೆರಾಕ್ಸ್ ಮಿಶನ್ ನೋಡಿದರು. ದಾರಿಯಲ್ಲಿ ಹೋಗುವವರು ಯಾರಾದರೂ, "ಹೇರ್ಳೆರೆ, ಈಗ ಆರಾಮಲೆ?" ಎಂದರೆ "ಆರಾಮ್," ಎನ್ನುತ್ತಿದ್ದರು. ಎಷ್ಟು ಅಂಗಳ ಗುಡಿಸಿದರೂ ಬಾಗದ ಬೆನ್ನು ಎರಡು ತಿಂಗಳಲ್ಲಿ ಬಾಗಿತು. ಮಾತು ಕಡಿಮೆಯಾಯಿತು. ಅವರು ಏನಾದರೂ ಬೈದಿದ್ದರೆ ಮನೋರಮೆಗೆ ಎಷ್ಟೋ ಹಗುರವಾಗುತ್ತಿತ್ತು.

ಅವಳಿಗೂ ಒಂದು ಶಿಕ್ಷೆ ಆಯಿತು. ಕೈಯ ಅಳತೆ ಹೋಯಿತು. ಮೂವತ್ತು ವರ್ಷದಿಂದ ಕಣ್ಣು ಮುಚ್ಚಿ ಹಾಕುತ್ತಿದ್ದ ಉಪ್ಪು ಒಂದು ದಿನ ಕಹಿ, ಒಂದು ದಿನ ಸಪ್ಪೆ. ಹಾಕಿದೆನೋ ಇಲ್ಲವೋ ಎಂದು ಒಲೆಯ ಮುಂದೆ ನಿಂತು ಒದ್ದಾಡುವಳು. ತುಂಗರು ಪಾಪದವರು, ಆದರೂ ಒಂದು ದಿನ, "ಇವತ್ತ್ ಪಲ್ಯದಂಗ್ ಉಪ್ಪ್ ಹುಡ್ಕುಕೆ ಟಾರ್ಚ್ ಬೇಕಲೆ," ಎಂದರು. ಅಪ್ಪಯ್ಯನನ್ನು ಕೇಳಿದರೆ, ಅವರು ಊಟದ ಎಲೆ ನೋಡುತ್ತಲೇ, "ಸಮ ಇತ್ತ್," ಎಂದುಬಿಡುತ್ತಿದ್ದರು.

ಮೂರನೆಯ ತಿಂಗಳು. ಆಷಾಢದ ಒಂದು ಬೆಳಿಗ್ಗೆ. ಗ್ಯಾಸಿನ ಮೇಲೆ ಸೌತೆಕಾಯಿ ಹುಳಿ ಕುದಿಯುತ್ತಿತ್ತು. ಕೆಳಗೆ ಅಂಗಡಿಯಿಂದ ತುಂಗರು ಏನೋ ಕೂಗಿದರು, ಮನೋರಮ ಮೆಟ್ಟಿಲ ತನಕ ಹೋಗಿ ಉತ್ತರ ಕೊಟ್ಟು ಬಂದಳು. ಬಂದವಳು ಉಪ್ಪಿನ ಡಬ್ಬಿಗೆ ಕೈ ಹಾಕಿ, ಮುಷ್ಟಿ ಎತ್ತಿ, ಪಾತ್ರೆಯ ಮೇಲೆ ಹಿಡಿದು ನಿಂತಳು. ಹಾಕಿದ್ದೆನಾ? ಹಾಕಲಿಲ್ಲವಾ? ನೆನಪೇ ಆಗಲಿಲ್ಲ.

"ಹಾಕಿ ಆಯ್ತಲೆ ಮನೋರಮ," ಎಂದಿತು ಅಪ್ಪಯ್ಯನ ದನಿ. ಅವರು ಹೊರಗೆ, ಬಾಲ್ಕನಿಯಲ್ಲಿ, ಅಡಿಗೆಮನೆಗೆ ಬೆನ್ನು ಹಾಕಿ ಕೂತಿದ್ದರು. "ಕೆಳಗ್ ಕರ್ಯೂಕ್ ಮುಂಚೆ ಹಾಕಿದ್ದಿ. ಇನ್ ಹಾಕ್ಬೇಡ."

"ನಿಮ್ಗ್... ನಿಮ್ಗ್ ಹ್ಯಾಂಗ್ ಗೊತ್ತಾಯ್ತ್?"

"ಪರಿಮಳ ಬಂತಲೆ."

ಮುಷ್ಟಿಯನ್ನು ಪಾತ್ರೆಯಿಂದ ಈಚೆಗೆ ತಂದು ಸಡಿಲಿಸಿದಳು. ಉಪ್ಪೆಲ್ಲ ಕಟ್ಟೆಯ ಮೇಲೆ ಚೆಲ್ಲಿತು. ಎರಡು ಗೋಡೆ ದಾಟಿ ಕೂತು ಒಂದು ಪುಟ್ಟ ಪಾತ್ರೆಯ ಉಪ್ಪು ಹಿಡಿಯುವ ಮನುಷ್ಯನನ್ನು ಅವಳು ಮೂರು ತಿಂಗಳು ಕೈಲಾಗದವರ ಹಾಗೆ ಕೂರಿಸಿದ್ದಳು. ಗ್ಯಾಸ್ ಆರಿಸಿ, ಹೊರಗೆ ಬಂದು, ಅವರ ಕುರ್ಚಿಯ ಬುಡದಲ್ಲಿ ನೆಲದ ಮೇಲೆ ಕೂತಳು.

"ಅಪ್ಪಯ್ಯ, ಆ ದಿನ ತಲ್ಲೂರಂಗ್ ನಿಮ್ ಕೈ ತಪ್ಪಲಿಲ್ಲೆ. ಎಲೆ ಕಾಣ್ಲಿಲ್ಲೆ ಅಂದ್ಹೇಳಿ ನಾನ್ ಒಳಗ್ ಬಂದ್ ಉಪ್ಪ್ ಹಾಕ್ದೆ. ನಾನೇ ಹಾಕಿದ್ದ್."

ಹೇರ್ಳೆಯವರು ಹೈವೇಯಲ್ಲಿ ಹೋಗುವ ಒಂದು ಬಸ್ಸನ್ನು ಕಣ್ಮರೆಯಾಗುವ ತನಕ ನೋಡಿದರು.

"ಗೊತ್ತಿತ್ತ್," ಎಂದರು.

"ಎಂತ ಗೊತ್ತಿತ್ತ್?"

"ಆ ದಿನ ಒಳಗ್ ಹೋಯಿ ಕಂಡೆ. ನಾನ್ ಇಟ್ಟ್ ಎಲೆ ಗೋಡೆ ಸಂದಿಲ್ ಬಿದ್ದಿತ್ತ್. ಹರಿವಾಣದ್ ಮೇಲೆ ಮತ್ತೊಂದ್ ಇತ್ತ್. ತುದಿ ಈಚಿಗೆ, ತೊಟ್ಟ್ ಗೋಡಿಗೆ." ಅವರು ತೊಡೆಯ ಮೇಲೆ ಬೆರಳಿಟ್ಟು ತೋರಿಸಿದರು. "ನಿನ್ ಅಮ್ಮ ಇಡೂ ಹಾಂಗೆ. ಒಂದ್ ಗಳ್ಗಿ ನಂಗೆ ಅವ್ಳೇ ಬಂದ್ ಹಾಕಿ ಹೋಯ್ಳಾ ಅಂತ ಆಯ್ತ್ ಕಾಣ್. ಹನ್ನೆರ್ಡ್ ವರ್ಷ ಆಯಿತ್ತಲೆ ಆ ಎಲೆ ಕಾಣ್ದೆ. ಉಪ್ಪ್ ಎರ್ಡ್ ಸಲ ಬಿದ್ದದ್ದೂ ಅದೇ ಹಾಂಗ್. ಅಲ್ಲೇ ನಿತ್ಕಂಡ್ ನೆಗಿ ಬಂತ್."

ಮನೋರಮೆಗೆ ಅಳು ತಡೆಯಲಾಗಲಿಲ್ಲ. "ಮತ್ತೆ ಎಂತಕ್ ಹೇಳ್ಲಿಲ್ಲೆ?"

"ಯಾರ್ಗ್ ಹೇಳೂದ್? ನಾಗನ್ ಕೆ‌ಲ್ಸ. ಮಡಿ ಇಲ್ದ ಕೈ ಬಿದ್ದಿತ್ತ್ ಅಂತ ಗೊತ್ತಾರೆ ಐತಾಳ್ರ್ ಎಲ್ಲ ಮೊದ್ಲಿಂದ ಮಾಡ್ಕ್. ನಿನ್ ಹೆಸ್ರ್ ಊರ್ ತುಂಬ ಆತಿತ್ತ್. ನನ್ ಕೈ ಅಂತ ಹೇಳ್ರೆ ಒಂದ್ ನೆಗಿಯಂಗ್ ಮುಗೀತ್."

"ಐತಾಳ್ರಿಗ್ ಬೇಡ. ನಂಗಾರೂ ಹೇಳ್ಲಕ್ಕಿತ್ತಲೆ!"

"ನೀನೇ ಹೇಳ್ತ್ಯಾ ಕಾಂಬ ಅಂತ ಕೂತಿದ್ದೆ."

"ನಾ ಹೇಳ್ದೇ ಇದ್ದಿರೆ?"

"ಇಲ್ಲೇ ಕೂಕಂತಿದ್ದೆ," ಎಂದು ಹೇರ್ಳೆಯವರು ಮಗಳ ತಲೆಯ ಮೇಲೆ ಕೈಯಿಟ್ಟರು. ಬಿಸಿ ಪಾತ್ರೆ ಹಿಡಿದು ಹಿಡಿದು ದಡ್ಡುಗಟ್ಟಿದ ಆ ಅಂಗೈ ಈ ಮೂರು ತಿಂಗಳಲ್ಲಿ ಮೆತ್ತಗಾಗಿತ್ತು. ಅದರಿಂದ ಅವಳಿಗೆ ಎಲ್ಲಕ್ಕಿಂತ ಹೆಚ್ಚು ನೋವಾಯಿತು.

ಮನೋರಮ ಎದ್ದು ಸೀದಾ ಫೋನಿಗೆ ಹೋದಳು. ಆ ತುದಿಯಲ್ಲಿ ಬಾಲಚಂದ್ರ ಎಲ್ಲವನ್ನೂ ಕೇಳಿಸಿಕೊಂಡ. 

"ಆ ಎಲೆ ಬೀಳ್ಸಿದ್ದ್ ನಾನೇ ಅಕ್ಕ," ಎಂದ. "ಒಗ್ರಣಿ ಹಾಕೂಕೆ ಹರಿವಾಣ ತೆಗ್ದದ್ದ್ ನಾನೇ. ಮಾವಂಗ್ ಹೇಳಿ, ನಾಳೆ ಬತ್ತೆ. ಟೆಂಪೋ ತಕಂಡೇ ಬತ್ತೆ."

ಮೂಡುಮನೆಯವರಿಗೆ ಇದು ಇವತ್ತಿಗೂ ಗೊತ್ತಿಲ್ಲ. ನಾಗನೂ ಮುನಿಸಿಕೊಂಡ ಹಾಗೆ ಕಾಣುವುದಿಲ್ಲ. ಆ ವರ್ಷವೇ ಐತಾಳರ ಮೊಮ್ಮಗಳಿಗೆ ಮದುವೆ ಕೂಡಿಬಂತು, ತೋಟದ ಬಾವಿಯಲ್ಲಿ ಬೇಸಗೆಯಲ್ಲೂ ನೀರು ನಿಂತಿತು. ಮಡಿಯ ಲೆಕ್ಕ ದೇವರಿಗಿಂತ ನೆಂಟರಿಗೆ ಜಾಸ್ತಿ ಬೇಕಾಗುತ್ತದೆ ಎಂದು ಕಾಣುತ್ತದೆ.

ಹೇರ್ಳೆಯವರು ಮರುದಿನ ಪಾರಂಪಳ್ಳಿಯ ಬೀಗ ತೆಗೆದರು. ಶಾಂಭವಿ ನೀರು ಹಾಕಿ ಹಾಕಿ ಬಸಳೆ ಚಪ್ಪರ ದಾಟಿ ಮನೆಯ ಮಾಡಿಗೆ ಹತ್ತಿತ್ತು. ಅದನ್ನು ಕತ್ತರಿಸಿ ಅವತ್ತಿನ ಹುಳಿಗೆ ಹಾಕಿಕೊಂಡರು. ಮನೋರಮ ಈಗ ಎರಡು ವಾರಕ್ಕೊಮ್ಮೆ ಮತ್ತೆ ಹೇಳದೆ ಕೇಳದೆ ಬರತೊಡಗಿದಳು. ತಪ್ಪು ಹಿಡಿಯಲು ಅಲ್ಲ, ಹೋಳಿಗೆಗೆ.

ಆಷಾಢ ಕಳೆದು ಸೋಣೆ ತಿಂಗಳಲ್ಲಿ ಕೋಟೇಶ್ವರದಲ್ಲೇ ಒಂದು ಅರವತ್ತರ ಶಾಂತಿ ಬಂತು. ಬಾಲಚಂದ್ರನಿಗೆ ಇಬ್ಬರು ಜನ ಕಡಿಮೆ. ಮನೋರಮ ಬೆಳಿಗ್ಗೆ ತಲೆಗೆ ಮಿಂದು, ಮಡಿಸೀರೆ ಉಟ್ಟು, ಯಾರನ್ನೂ ಕೇಳದೆ ಅಡಿಗೆ ಚಪ್ಪರದ ಹಗ್ಗ ದಾಟಿ ಒಳಗೆ ಬಂದು ಕಾಯಿ ತುರಿಯಲು ಕೂತಳು. ಹನ್ನೊಂದು ಗಂಟೆಗೆ ಹುಳಿ ಕುದಿಯಿತು. ಎಪ್ಪತ್ತೈದು ವರ್ಷದ ಹೇರ್ಳೆಯವರು ಮರಿಗೆ ಎತ್ತಿದರು. ಒಂದು ಬೊಗಸೆ, ಎರಡು ಬೊಗಸೆ, ಮೂರನೆಯದಕ್ಕೆ ಮುಷ್ಟಿ ಬಿಗಿ ಹಿಡಿದು ಸ್ವಲ್ಪ ಹಿಂದಕ್ಕೆ ಉಳಿಸಿಕೊಂಡರು. ಕಣ್ಣು ಮುಚ್ಚಿ ನಿಂತರು. ಎರಡು ಕುದಿ ಬಂತು. ತಲೆ ಆಡಿಸಿ ಹರಿವಾಣ ಮುಚ್ಚಿದರು.

ಆಮೇಲೆ ಹಿಂದೆ ನೋಡದೆ ಮಗಳ ಕಡೆ ಕೈ ಚಾಚಿದರು. ಮನೋರಮ ಬುಟ್ಟಿಯಿಂದ ಒಂದು ಎಸಳು ಕರಿಬೇವು ಆರಿಸಿ, ಎದ್ದು ಬಂದು, ತಾನೇ ಹರಿವಾಣದ ಮೇಲಿಟ್ಟಳು. ಅಪ್ಪಯ್ಯನ ಕ್ರಮದಲ್ಲೇ ಇಟ್ಟಳು, ತೊಟ್ಟು ಈಚೆಗೆ, ತುದಿ ಗೋಡೆಗೆ.

ಹೇರ್ಳೆಯವರು ಅದನ್ನು ನೋಡಿದರು. ಎರಡು ಬೆರಳಿನಿಂದ ಎಲೆಯನ್ನು ಮೆಲ್ಲಗೆ ತಿರುಗಿಸಿ, ತುದಿಯನ್ನು ಅಮ್ಮನ ಕ್ರಮದಂತೆ ಈಚೆಗೆ ತಂದು, ಪಾಯಸದ ಕೊಪ್ಪರಿಗೆಯ ಕಡೆ ಹೋದರು. ಅಲ್ಲಿಂದ ಮುಂದೆ ಅವರು ಅಡಿಗೆ ಮಾಡಿದ್ದು ಇನ್ನೂ ಐದು ವರ್ಷ. ಆ ಐದು ವರ್ಷವೂ ಹುಳಿಯ ಮೇಲಿನ ಎಲೆಯನ್ನು ಅವರು ಹಾಗೆಯೇ ಇಟ್ಟರು.